ಉಪನಗರದ ಚಿರತೆ: ಮುಂಬೈ ನೆಲದ ಒಂದು ಇತಿಹಾಸ ಪಾಠ



ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗ, ಒಪ್ಪಂದ ಮತ್ತು ಇಸವಿಗಳ ಪಟ್ಟಿ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಒಂದು ನೆಲದ ಮೇಲೆ ಮನುಷ್ಯನ ಜೊತೆಜೊತೆಗೇ ಬಾಳಿದ ಮೃಗಗಳಿಗೂ ಅವುಗಳದ್ದೇ ಆದ ಚರಿತ್ರೆಯಿದೆ. ಅವು ಶಾಸನ ಬರೆಸಲಿಲ್ಲ, ಕೋಟೆ ಕಟ್ಟಿಸಲಿಲ್ಲ. ಆದುದರಿಂದ ಆ ಚರಿತ್ರೆಯನ್ನು ನಾವು ಕೆರೆ, ರೈಲುಮಾರ್ಗ, ಬಡಾವಣೆ ಹಾಗೂ ನ್ಯಾಯಾಲಯದ ಆದೇಶಗಳ ನಡುವೆ ಹುಡುಕಿ ಓದಬೇಕಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಮುಂಬೈ ಸೇರಿ ಈಗ ಬೊರಿವಲಿ, ಮುಲುಂಡ್, ಠಾಣೆಗಳಲ್ಲಿ ನೆಲೆಸಿದ್ದಾರೆ. ರಾತ್ರಿಯ ಹೊತ್ತು ವಸತಿ ಸಮುಚ್ಚಯದ ಅಂಗಳದಲ್ಲಿ ಚಿರತೆ ಹಾದುಹೋದ ದೃಶ್ಯಗಳನ್ನು ಅವರು ಆಗಾಗ ಕಳುಹಿಸುವುದುಂಟು. ಅದರ ಜೊತೆಗೆ ಬರುವ ಪ್ರಶ್ನೆ ಒಂದೇ: “ಮಾಷ್ಟ್ರೇ, ಚಿರತೆ ಊರಿಗೆ ಬಂತೋ, ಊರು ಚಿರತೆಯಿದ್ದಲ್ಲಿಗೆ ಹೋಯಿತೋ?” ಇದಕ್ಕೆ ಒಂದು ಸಾಲಿನ ಉತ್ತರ ಸಾಲದು. ಇತಿಹಾಸದ ಅಧ್ಯಾಪಕನಾಗಿ ನನಗೆ ತಿಳಿದ ಮಟ್ಟಿಗೆ ಈ ವಿಷಯವನ್ನು ಇಲ್ಲಿ ವಿವರಿಸುತ್ತೇನೆ.

ಸಾಷ್ಟಿಯ ಕಾಡು

ಇಂದು ನಾವು ಮುಂಬೈ ಎಂದು ಕರೆಯುವ ಮಹಾನಗರದ ಮೂಲ ಏಳು ಸಣ್ಣ ದ್ವೀಪಗಳು. 1661ರ ವಿವಾಹ ಒಪ್ಪಂದದಂತೆ ಪೋರ್ಚುಗೀಸರು ಇವನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಕೊಟ್ಟರು. ಅವನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿದನು. ಇದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಆದರೆ ಬಾಂದ್ರಾದಿಂದ ಬೊರಿವಲಿಯವರೆಗೆ, ಕುರ್ಲಾದಿಂದ ಠಾಣೆಯವರೆಗೆ ಹಬ್ಬಿರುವ ಉಪನಗರಗಳ ಬಹುಭಾಗ ಇರುವುದು ಈ ಏಳು ದ್ವೀಪಗಳ ಮೇಲಲ್ಲ, ಅವುಗಳ ಉತ್ತರಕ್ಕಿರುವ ಸಾಷ್ಟಿ ಎಂಬ ದೊಡ್ಡ ದ್ವೀಪದ ಮೇಲೆ. ಇದನ್ನೇ ಇಂಗ್ಲಿಷರು ಸಾಲ್ಸೆಟ್ ಎಂದು ಕರೆದರು. ಈ ದ್ವೀಪದ ನಡುವೆ ಬೆಟ್ಟಗಳ ಸಾಲು, ಬೆಟ್ಟಗಳ ಮೇಲೆ ಕಾಡು, ಕಾಡಿನ ಒಡಲಲ್ಲಿ ಕಾನ್ಹೇರಿಯ ಗುಹೆಗಳು.

ಕಾನ್ಹೇರಿಯ ಬಗ್ಗೆ ಕನ್ನಡಿಗರಾದ ನಾವು ಒಂದು ಮಾತು ನೆನಪಿಡಬೇಕು. ಕ್ರಿಸ್ತಶಕದ ಆರಂಭದ ಆಸುಪಾಸಿನಿಂದ ಸುಮಾರು ಸಾವಿರ ವರ್ಷಗಳ ಕಾಲ ಬೌದ್ಧ ಭಿಕ್ಷುಗಳು ಇಲ್ಲಿ ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದು ವಾಸಿಸಿದರು. 9ನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ಅವನ ಅಧೀನರಾಗಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ಉಲ್ಲೇಖವಿದೆ. ಕವಿರಾಜಮಾರ್ಗದ ಜೊತೆ ಯಾರ ಹೆಸರನ್ನು ಸೇರಿಸಿ ಹೇಳುತ್ತೇವೆಯೋ ಆ ನೃಪತುಂಗನ ಆಳ್ವಿಕೆಯ ಗುರುತು ಇಂದಿನ ಚಿರತೆಗಳು ಓಡಾಡುವ ಬಂಡೆಗಳ ಮೇಲೆಯೇ ಇದೆ. ಕಾಡಿನ ನಡುವೆ ಮನುಷ್ಯವಾಸವೆಂಬುದು ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಬಾಯಾರಿದ ನಗರ ಉಳಿಸಿದ ಅರಣ್ಯ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. 34 ಕಿಲೋಮೀಟರಿನ ಆ ದಾರಿಯ ಅಕ್ಕಪಕ್ಕದಲ್ಲಿ ಅಂದು ಇದ್ದುದು ಗದ್ದೆ, ಉಪ್ಪಿನ ಹರವು, ತಾಳೆಮರ ಮತ್ತು ಕುರುಚಲು ಕಾಡು. ಮುಂದೆ ಉಪನಗರಗಳು ಹುಟ್ಟಿ ಬೆಳೆದದ್ದು ಈ ಹಳಿಗಳ ಗುಂಟವೇ.

ಹಾಗಾದರೆ ಎರಡು ರೈಲುಮಾರ್ಗಗಳ ನಡುವೆ ಸಿಲುಕಿದ ಬೆಟ್ಟದ ಕಾಡು ಉಳಿದದ್ದು ಹೇಗೆ? ಉತ್ತರ ನೀರಿನಲ್ಲಿದೆ. ಬಾವಿ, ಕೆರೆಗಳನ್ನೇ ನಂಬಿದ್ದ ಮುಂಬೈ 19ನೆಯ ಶತಮಾನದ ಮಧ್ಯಭಾಗದಲ್ಲಿ ಕುಡಿಯುವ ನೀರಿಗೆ ತತ್ತರಿಸಿತು. ಮಿಠಿ ನದಿಯ ಮೇಲ್ಭಾಗಕ್ಕೆ ಒಡ್ಡು ಕಟ್ಟಿ 1860ರಲ್ಲಿ ವಿಹಾರ್ ಕೆರೆಯನ್ನು, 1879ರಲ್ಲಿ ಅದರ ಸಮೀಪ ತುಳಸಿ ಕೆರೆಯನ್ನು ನಿರ್ಮಿಸಲಾಯಿತು. ಕೆರೆಯ ನೀರು ಶುದ್ಧವಾಗಿರಬೇಕಾದರೆ ಸುತ್ತಲಿನ ಜಲಾನಯನ ಪ್ರದೇಶದಲ್ಲಿ ವಸತಿ, ಸಾಗುವಳಿ ಇರಕೂಡದು. ಹೀಗಾಗಿ ಆ ಬೆಟ್ಟಗಳಿಗೆ ರಕ್ಷಣೆ ದೊರೆಯಿತು. ಮೃಗಗಳ ಮೇಲಿನ ಪ್ರೀತಿಯಿಂದ ಅಲ್ಲ, ಕೊಳಾಯಿಯ ನೀರಿಗಾಗಿ ಕಾದಿಟ್ಟ ಕಾಡು ಮೃಗಗಳಿಗೂ ಆಸರೆಯಾಯಿತು. ಸ್ವಾತಂತ್ರ್ಯಾನಂತರ ಈ ತಿರುಳಿನ ಸುತ್ತ ರಾಷ್ಟ್ರೀಯ ಉದ್ಯಾನ ಬೆಳೆಯಿತು. ಇಂದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರು.

ಹುಲಿಗಳು ಈ ಬೆಟ್ಟಗಳಿಂದ 20ನೆಯ ಶತಮಾನದ ಮೊದಲ ಭಾಗದಲ್ಲೇ ಕಣ್ಮರೆಯಾದವು. ಹುಲಿಗೆ ವಿಶಾಲವಾದ ಕಾಡು ಬೇಕು, ದೊಡ್ಡ ಬೇಟೆ ಬೇಕು. ಚಿರತೆ ಹಾಗಲ್ಲ. ಜಿಂಕೆ ಸಿಕ್ಕರೆ ಜಿಂಕೆ, ಇಲ್ಲವಾದರೆ ಮುಸುವ, ಕಾಡುಹಂದಿ, ಮೊಲ, ನಾಯಿ, ಹೆಗ್ಗಣ; ದೊರೆತುದರಲ್ಲಿ ತೃಪ್ತಿ. ಹಗಲು ಪೊದೆಯಲ್ಲಿ ಅಡಗಿದ್ದು ಇರುಳು ಸಂಚರಿಸುತ್ತದೆ. ಒಂಟಿಯಾಗಿ, ಸದ್ದಿಲ್ಲದೆ ಬದುಕುತ್ತದೆ. ಬಡತನದ ಸಂಸಾರವನ್ನು ತೂಗಿಸಬಲ್ಲ ಗೃಹಿಣಿಯಂತೆ ಸ್ವಲ್ಪದರಲ್ಲೇ ಬಾಳು ಸಾಗಿಸುವ ಈ ಗುಣವೇ ಹುಲಿ ಅಳಿದ ಸ್ಥಳದಲ್ಲಿ ಚಿರತೆ ಉಳಿಯಲು ಕಾರಣ.

ಉಪನಗರ ಏರಿ ಬಂದ ಬಗೆ

1949ರಲ್ಲಿ ನಗರದೊಳಗಿನ ಎಮ್ಮೆಯ ಕೊಟ್ಟಿಗೆಗಳನ್ನು ಹೊರಗೆ ಸಾಗಿಸುವ ಉದ್ದೇಶದಿಂದ ಉದ್ಯಾನದ ದಕ್ಷಿಣದ ಅಂಚಿನಲ್ಲಿ ಆರೇ ಹಾಲಿನ ಕಾಲನಿ ಸ್ಥಾಪನೆಯಾಯಿತು. 1958ರಲ್ಲಿ ಪೊವಾಯಿ ಮತ್ತು ವಿಹಾರ್ ಕೆರೆಗಳ ನಡುವೆ ಐಐಟಿ ಆರಂಭವಾಯಿತು. ಬಳಿಕ ಚಲನಚಿತ್ರ ನಗರಿ, ವಸತಿ ಗೋಪುರಗಳು, ಗುಡಿಸಲುಗಳ ಸಾಲು, ಹೆದ್ದಾರಿ. 1990ರಲ್ಲಿ ಮುಂಬೈ ಉಪನಗರ ಜಿಲ್ಲೆ ಎಂಬ ಪ್ರತ್ಯೇಕ ಜಿಲ್ಲೆಯೇ ರಚಿತವಾಯಿತು. ಕಾಡಿನ ಮೂರು ದಿಕ್ಕಿಗೂ ಊರು ಒತ್ತಿ ನಿಂತಿತು. ಉದ್ಯಾನದ ಒಳಗೂ ಸಾವಿರಾರು ಕುಟುಂಬಗಳು ಗುಡಿಸಲು ಹಾಕಿದವು. ಇವನ್ನು ತೆರವುಗೊಳಿಸಬೇಕೆಂದು 1997ರಲ್ಲಿ ಮುಂಬೈ ಉಚ್ಚ ನ್ಯಾಯಾಲಯ ಆದೇಶಿಸಿತು. ಅಲ್ಲಿದ್ದ ಬಡವರಿಗೆ ಹೋಗಲು ಬೇರೆ ಸ್ಥಳವಿಲ್ಲದಿದ್ದುದೂ ಈ ಚರಿತ್ರೆಯ ಒಂದು ಅಧ್ಯಾಯವೇ. ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿ ವಾಸವಾಗಿದ್ದವರು ವಾರ್ಲಿ ಮೊದಲಾದ ಆದಿವಾಸಿಗಳು.

ಹೊಸ ವಸತಿಗಳ ಜೊತೆ ಬಂದದ್ದು ಕಸ. ಕಸದ ರಾಶಿಯ ಹಿಂದೆ ಬಂದದ್ದು ಬೀದಿನಾಯಿ ಮತ್ತು ಹಂದಿ. ಅವುಗಳ ಹಿಂದೆ ಬಂದದ್ದು ಚಿರತೆ. ಉದ್ಯಾನದ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿದ ಸಂಶೋಧಕರು ಅವುಗಳ ಆಹಾರದಲ್ಲಿ ಜಿಂಕೆ, ಕಡವೆಗಳ ಜೊತೆಗೆ ನಾಯಿಗಳದೂ ದೊಡ್ಡ ಪಾಲಿರುವುದನ್ನು ಕಂಡಿದ್ದಾರೆ. ಆದುದರಿಂದ ವಿದ್ಯಾರ್ಥಿಗಳ ಪ್ರಶ್ನೆಗೆ ನನ್ನ ಉತ್ತರ ಇದು: ಮೊದಲು ಊರು ಚಿರತೆಯ ಬಾಗಿಲಿಗೆ ಹೋಯಿತು, ಆಮೇಲೆ ಬಾಗಿಲಲ್ಲಿ ಊಟವನ್ನೂ ಬಡಿಸಿಟ್ಟಿತು.

2004ರ ಕರಾಳ ಜೂನ್

2004ರ ಜೂನ್ ತಿಂಗಳೊಂದರಲ್ಲೇ ಉದ್ಯಾನದ ಸುತ್ತಮುತ್ತ ಸುಮಾರು ಹತ್ತು ಜನರು ಚಿರತೆಗೆ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಬಡವರು. ಕತ್ತಲಲ್ಲಿ ಬಹಿರ್ದೆಸೆಗೆ ಹೋಗಬೇಕಾದವರು, ಅವರ ಮಕ್ಕಳು. ನಗರ ತಲ್ಲಣಿಸಿತು. ಬೋನುಗಳನ್ನು ಇಟ್ಟು ಚಿರತೆಗಳನ್ನು ಹಿಡಿಯಲಾಯಿತು.

ಇದಕ್ಕೆ ಕಾರಣವೇನೆಂದು ತಿಳಿಯಲು ನಾವು ಪುಣೆ ಜಿಲ್ಲೆಯ ಜುನ್ನರ್ ತಾಲ್ಲೂಕಿಗೆ ಹೋಗಬೇಕು. ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿ ಕೋಟೆ ಇರುವುದು ಇಲ್ಲಿಯೇ. ನೀರಾವರಿ ಬಂದು ಕಬ್ಬು ಬೆಳೆದ ಮೇಲೆ ಆ ಕಬ್ಬಿನ ಗದ್ದೆಗಳಲ್ಲೇ ಚಿರತೆಗಳು ಮರಿ ಹಾಕಿ ಬಾಳತೊಡಗಿದ್ದವು. 2001ರಿಂದ ಅಲ್ಲಿನ ಚಿರತೆಗಳನ್ನು ಬೋನಿನಲ್ಲಿ ಹಿಡಿದು ದೂರದ ಅರಣ್ಯಗಳಿಗೆ ಬಿಡುವ ಕಾರ್ಯ ನಡೆಯಿತು. ಉದ್ದೇಶ ಒಳ್ಳೆಯದೇ. ಆದರೆ ಫಲ ತಿರುವುಮುರುವಾಯಿತು. ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1993ರಿಂದ 2001ರವರೆಗೆ ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು 2001–2003ರ ಅವಧಿಯಲ್ಲಿ 17ಕ್ಕೆ ಏರಿದವು. ಚಿರತೆಗಳನ್ನು ತಂದುಬಿಟ್ಟ ಸ್ಥಳಗಳ ಸಮೀಪದಲ್ಲೂ ದಾಳಿಗಳು ನಡೆದವು.

ಕಾರಣವನ್ನು ಸರಳವಾಗಿ ಹೀಗೆ ಹೇಳಬಹುದು. ಚಿರತೆಗೆ ತನ್ನದೇ ಆದ ಸರಹದ್ದಿದೆ. ಯಾವ ಹೊತ್ತಿನಲ್ಲಿ ಜನ ಓಡಾಡುತ್ತಾರೆ, ಯಾವ ಹಳ್ಳದಲ್ಲಿ ನೀರಿದೆ, ಯಾವ ದಾರಿ ಸುರಕ್ಷಿತ ಎಂಬುದನ್ನು ಅದು ಅಲ್ಲಿ ಬಲ್ಲುದು. ಬೋನಿನಲ್ಲಿ ಹಲ್ಲು ಉಗುರು ಮುರಿದುಕೊಂಡು, ಜನರ ಗದ್ದಲದಿಂದ ಬೆದರಿ, ಅಪರಿಚಿತ ಜಾಗದಲ್ಲಿ ಬಿಡುಗಡೆಯಾದ ಪ್ರಾಣಿಗೆ ಈ ಅರಿವೆಲ್ಲ ಕೈಬಿಟ್ಟಿರುತ್ತದೆ. ಅದು ತೆರವು ಮಾಡಿದ ಸರಹದ್ದಿಗೆ ಬೇರೊಂದು ಚಿರತೆ ಬಂದು ಸೇರುತ್ತದೆ. ಮುಂಬೈಯ ಉದ್ಯಾನಕ್ಕೂ ಬೇರೆಡೆ ಹಿಡಿದ ಚಿರತೆಗಳನ್ನು ತಂದು ಬಿಡಲಾಗಿತ್ತು. ಹೀಗೆ ಒಂದೂರಿನ ಪರಿಹಾರ ಇನ್ನೊಂದೂರಿನ ಸಂಕಟವಾಯಿತು.

ಆಜೋಬನ ಪಯಣ

2009ರಲ್ಲಿ ಅಹಮದನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಒಂದು ಗಂಡು ಚಿರತೆಯನ್ನು ಅರಣ್ಯ ಇಲಾಖೆಯವರು ಮೇಲೆತ್ತಿದರು. ಅದರ ಕೊರಳಿಗೆ ಸಂಜ್ಞೆ ಕಳುಹಿಸುವ ಪಟ್ಟಿಯನ್ನು ಕಟ್ಟಿ ಮಾಳಶೇಜ್ ಘಾಟಿನಲ್ಲಿ ಬಿಡಲಾಯಿತು. ವಯಸ್ಸಾಗಿದ್ದ ಆ ಪ್ರಾಣಿಗೆ ಆಜೋಬ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಅಜ್ಜ ಎಂದರ್ಥ. ನಮ್ಮ ಅಜ್ಜನಿಗೂ ಅವರ ಆಜೋಬನಿಗೂ ಮಾತು ಎಷ್ಟು ಹತ್ತಿರ ನೋಡಿ! ಈ ಅಜ್ಜ ಅಲ್ಲಿ ನಿಲ್ಲಲಿಲ್ಲ. ಹಳ್ಳಿ, ಗದ್ದೆ, ರೈಲು ಹಳಿ, ಹೆದ್ದಾರಿಗಳನ್ನು ದಾಟಿ, ವಸಾಯಿಯ ಕೊಲ್ಲಿಯನ್ನು ಈಜಿ, ಸುಮಾರು 120 ಕಿಲೋಮೀಟರು ನಡೆದು ಮುಂಬೈಯ ಉದ್ಯಾನವನ್ನು ಸೇರಿತು. ಆ ದಾರಿಯುದ್ದಕ್ಕೂ ಅದು ಯಾರನ್ನೂ ಮುಟ್ಟಲಿಲ್ಲ. 2011ರಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 2014ರಲ್ಲಿ ಈ ಕಥೆಯನ್ನು ಆಧರಿಸಿ ‘ಆಜೋಬ’ ಎಂಬ ಮರಾಠಿ ಚಲನಚಿತ್ರವೂ ಬಂದಿತು.

ಈ ಪಯಣ ನಮಗೆ ಎರಡು ಸಂಗತಿಗಳನ್ನು ತಿಳಿಸಿತು. ಮೊದಲನೆಯದು, ನಾವು ನಕ್ಷೆಯಲ್ಲಿ ಗೆರೆ ಎಳೆದು ಇದು ಕಾಡು, ಇದು ನಾಡು ಎಂದು ಬೇರ್ಪಡಿಸಿದರೂ ಚಿರತೆಗೆ ಆ ಗೆರೆ ಕಾಣುವುದಿಲ್ಲ. ಎರಡನೆಯದು, ಅದು ನಮ್ಮ ನಡುವೆಯೇ ಹಾದುಹೋಗುತ್ತಿರುತ್ತದೆ. ಬಹುತೇಕ ಸಲ ನಮಗೆ ಅದರ ಅರಿವೇ ಆಗುವುದಿಲ್ಲ.

ನಗರ ಕಲಿತ ಪಾಠ

2011ರಲ್ಲಿ ಎರಡು ಮುಖ್ಯ ಬೆಳವಣಿಗೆಗಳಾದವು. ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯವು ಚಿರತೆ–ಮಾನವ ಸಂಘರ್ಷ ಕುರಿತ ಮಾರ್ಗಸೂಚಿಯನ್ನು ಹೊರಡಿಸಿತು. ಕಂಡಲ್ಲೆಲ್ಲ ಬೋನು ಇಟ್ಟು ಸ್ಥಳಾಂತರಿಸುವುದನ್ನು ಬಿಡಬೇಕು, ಜನಜಂಗುಳಿಯನ್ನು ನಿಯಂತ್ರಿಸಬೇಕು ಎಂಬುದು ಅದರ ಸಾರ. ಅದೇ ವರ್ಷ ಮುಂಬೈಯಲ್ಲಿ ಉದ್ಯಾನದ ನಿರ್ದೇಶಕರಾಗಿದ್ದ ಸುನಿಲ್ ಲಿಮಯೆ ಅವರ ನೇತೃತ್ವದಲ್ಲಿ ಅರಣ್ಯ ಇಲಾಖೆ, ಸಂಶೋಧಕರು ಹಾಗೂ ನಾಗರಿಕರು ಒಂದುಗೂಡಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಶಾಲೆ, ವಸತಿ ಸಮುಚ್ಚಯ, ಪೊಲೀಸ್ ಠಾಣೆಗಳಿಗೆ ಹೋಗಿ ತಿಳಿಹೇಳಿದರು. ಪತ್ರಕರ್ತರೊಡನೆ ಕಾರ್ಯಾಗಾರಗಳನ್ನು ನಡೆಸಿದರು. ಚಿರತೆ ಕಂಡ ಮಾತ್ರಕ್ಕೆ ಅದು ದಾಳಿಯಲ್ಲ ಎಂಬ ಸರಳ ವಿಷಯವನ್ನು ಜನರ ಮನಸ್ಸಿಗೆ ಮುಟ್ಟಿಸಿದರು.

ಚಿರತೆಗಳ ಸಂಖ್ಯೆಯೇನೂ ಕಡಿಮೆಯಾಗಲಿಲ್ಲ. ಸ್ವಯಂಚಾಲಿತ ಕ್ಯಾಮೆರಾಗಳ ಮೂಲಕ ನಡೆಸಿದ ಎಣಿಕೆಯಲ್ಲಿ 2015ರಲ್ಲಿ 35 ಚಿರತೆಗಳು, 2018ರಲ್ಲಿ 47 ಚಿರತೆಗಳು ಉದ್ಯಾನ ಮತ್ತು ಅದರ ಸುತ್ತಣ ಪ್ರದೇಶದಲ್ಲಿ ಗುರುತಿಸಲ್ಪಟ್ಟವು. ಹೀಗಿದ್ದೂ 2004ರಂತಹ ದುರಂತ ಮತ್ತೆ ಅದೇ ಪ್ರಮಾಣದಲ್ಲಿ ಮರುಕಳಿಸಲಿಲ್ಲ.

ಆದರೆ ಎಲ್ಲವೂ ಸುಖಾಂತ್ಯವಾಯಿತೆಂದು ಹೇಳಿದರೆ ಅದು ಅಪಚಾರವಾದೀತು. 2022ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ದಿನಗಳಲ್ಲೇ, ಆರೇ ಕಾಲನಿಯಲ್ಲಿ ಒಂದೂವರೆ ವರ್ಷವೂ ತುಂಬದ ಕೂಸೊಂದು ಚಿರತೆಗೆ ಬಲಿಯಾಯಿತು. ಆ ತಾಯಿಯ ಎದುರು ನಿಂತು ಸಹಬಾಳ್ವೆಯ ಉಪದೇಶ ಮಾಡುವ ಧೈರ್ಯ ನನಗಂತೂ ಇಲ್ಲ. ಎತ್ತರದ ಗೋಪುರದಲ್ಲಿ ಕುಳಿತು ಕಿಟಕಿಯಿಂದ ಚಿರತೆಯನ್ನು ನೋಡಿ ಆನಂದಿಸುವವರು ಒಬ್ಬರು, ದೀಪವಿಲ್ಲದ ದಾರಿಯಲ್ಲಿ ಮಗುವನ್ನು ಎತ್ತಿಕೊಂಡು ನಡೆಯುವವರು ಇನ್ನೊಬ್ಬರು. ಸಹಬಾಳ್ವೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರುತ್ತಿಲ್ಲ. ಬೀದಿದೀಪ, ಶೌಚಾಲಯ, ಕಸದ ವಿಲೇವಾರಿ ಇವು ವನ್ಯಜೀವಿ ರಕ್ಷಣೆಯ ಅಂಗಗಳೇ ಎಂಬುದನ್ನು ಆಡಳಿತ ನಡೆಸುವವರು ಅರಿಯಬೇಕು.

ವಾಘೋಬ ಮತ್ತು ಪಿಲಿಚಾಮುಂಡಿ

ವಾರ್ಲಿ ಜನರು ವಾಘೋಬ ಎಂಬ ದೈವವನ್ನು ಪೂಜಿಸುತ್ತಾರೆ. ಹುಲಿ ಚಿರತೆಗಳೆರಡೂ ಈ ದೈವದ ರೂಪಗಳೇ. ಮರದ ಅಥವಾ ಕಲ್ಲಿನ ಫಲಕದ ಮೇಲೆ ಅದರ ಆಕೃತಿ ಕೆತ್ತಿ, ಕುಂಕುಮ ಹಚ್ಚಿ, ವರ್ಷಕ್ಕೊಮ್ಮೆ ಪೂಜೆ ಸಲ್ಲಿಸುತ್ತಾರೆ. ತಮ್ಮನ್ನೂ ದನಕರುಗಳನ್ನೂ ಕಾಪಾಡೆಂದು ಕೋರುತ್ತಾರೆ. ನಮ್ಮ ತುಳುನಾಡಿನವರಿಗೆ ಇದು ಅಪರಿಚಿತವಲ್ಲ. ನಮ್ಮಲ್ಲಿ ಪಿಲಿಚಾಮುಂಡಿ ಇದೆ. ಘಟ್ಟದ ಮೇಲಿನ ಊರುಗಳಲ್ಲಿ ಹುಲಿದೇವರ ಗುಡಿಗಳಿವೆ. ಪೂಜೆ ಮಾಡಿದ ಮಾತ್ರಕ್ಕೆ ಚಿರತೆ ದನ ಹಿಡಿಯುವುದನ್ನು ಬಿಡದು ಎಂಬುದು ನಮ್ಮ ಹಿರಿಯರಿಗೂ ಗೊತ್ತಿತ್ತು. ಆದರೆ ಆ ಪ್ರಾಣಿಗೂ ಈ ನೆಲದಲ್ಲಿ ಪಾಲಿದೆಯೆಂಬ ಒಪ್ಪಿಗೆ ಆ ಆರಾಧನೆಯಲ್ಲಿತ್ತು. ಜೊತೆಗೆ ಸಂಜೆಯಾದ ಮೇಲೆ ಒಂಟಿಯಾಗಿ ಹೋಗಬಾರದು, ಹಟ್ಟಿಯ ಬಾಗಿಲು ಭದ್ರಪಡಿಸಬೇಕು ಎಂಬ ಶಿಸ್ತೂ ಇತ್ತು.

ನಮ್ಮ ಕರ್ನಾಟಕದಲ್ಲಿ

ಇದೆಲ್ಲ ಮುಂಬೈಯ ಕಥೆ, ನಮಗೇನು ಎನ್ನುವಂತಿಲ್ಲ. 2022ರ ರಾಷ್ಟ್ರೀಯ ಗಣತಿಯ ಅಂದಾಜಿನಂತೆ ಭಾರತದಲ್ಲಿ 13,874 ಚಿರತೆಗಳಿದ್ದು, 1,879ರಷ್ಟು ನಮ್ಮ ರಾಜ್ಯದಲ್ಲಿವೆ. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರಗಳ ನಂತರದ ಸ್ಥಾನ ನಮ್ಮದು. ಅಭಯಾರಣ್ಯಗಳ ಹೊರಗೆ, ಕುರುಚಲು ಗುಡ್ಡ, ಜೋಳದ ಹೊಲ, ಕಬ್ಬಿನ ಗದ್ದೆಗಳಲ್ಲೂ ಅವು ಬಾಳುತ್ತಿವೆ.

2016ರ ಫೆಬ್ರವರಿ 7ರಂದು ಬೆಂಗಳೂರಿನ ಪೂರ್ವದ ಉಪನಗರವೊಂದರಲ್ಲಿ ಶಾಲೆಯೊಳಗೆ ಗಂಡು ಚಿರತೆಯೊಂದು ಸೇರಿತು. ಪುಣ್ಯವಶಾತ್ ಅಂದು ಭಾನುವಾರ, ಮಕ್ಕಳಿರಲಿಲ್ಲ. ಅದನ್ನು ಹಿಡಿಯುವ ಪ್ರಯತ್ನದಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಸೇರಿ ಹಲವರು ಗಾಯಗೊಂಡರು. 2022ರ ಅಕ್ಟೋಬರ್ ಮತ್ತು 2023ರ ಜನವರಿಯ ನಡುವೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ದಾಳಿಗೆ ಪ್ರಾಣ ತೆತ್ತರು. 2023ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ಬೆಂಗಳೂರಿನ ಕೂಡ್ಲು ಬಳಿ ಕೆಲವು ದಿನಗಳಿಂದ ಕಾಣಿಸಿಕೊಂಡಿದ್ದ ಚಿರತೆಯೊಂದು ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸಿಬ್ಬಂದಿಯ ಮೇಲೆರಗಿ, ಗುಂಡೇಟಿನಿಂದ ಸತ್ತಿತು. ಅದರ ಚಿತ್ರಗಳು ಪತ್ರಿಕೆಯಲ್ಲಿ ಬಂದಾಗ ಅಯ್ಯೋ ಎಂದವರೂ ಇದ್ದರು, ಸದ್ಯ ಪೀಡೆ ತೊಲಗಿತು ಎಂದವರೂ ಇದ್ದರು.

ಬೆಂಗಳೂರಿನ ದಕ್ಷಿಣದಲ್ಲಿ ಬನ್ನೇರುಘಟ್ಟದ ಕಾಡಿದೆ. ಅದರ ಅಂಚಿಗೆ ಇಂದು ಬಡಾವಣೆಗಳು ಒತ್ತಿಕೊಂಡು ಬಂದಿವೆ; ಮುಂಬೈಯಲ್ಲಿ ನಡೆದ ಅದೇ ಚರಿತ್ರೆ ತಡವಾಗಿ ಇಲ್ಲಿ ನಡೆಯುತ್ತಿದೆ. ಒಂದೇ ವ್ಯತ್ಯಾಸವೆಂದರೆ, ಮುಂಬೈಗೆ ಮುಂದೆ ನಡೆದು ದಾರಿ ತೋರಿಸಿದವರಿರಲಿಲ್ಲ. ನಮಗೆ ಮುಂಬೈ ಇದೆ. ಅವರು ಜೀವಗಳನ್ನು ತೆತ್ತು ಕಲಿತ ಪಾಠವನ್ನು ನಾವು ಓದಿ ಕಲಿಯಬಹುದು.

ಕೊನೆಯದಾಗಿ, ಕಾಡಂಚಿನಲ್ಲಿ ಮನೆ ಮಾಡಿರುವ ನಿಮಗೆ ಹಿರಿಯನಾಗಿ ಕೆಲವು ಮಾತುಗಳು. ಮನೆಯ ಸುತ್ತ ಕಸ, ಮಾಂಸದ ತ್ಯಾಜ್ಯ ಬೀಳದಂತೆ ನೋಡಿಕೊಳ್ಳಿ. ಸಾಕುನಾಯಿಯನ್ನು ರಾತ್ರಿ ಒಳಗೆ ಕಟ್ಟಿ. ಕತ್ತಲಾದ ಮೇಲೆ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ದಾರಿಯಲ್ಲಿ ದೀಪವಿಲ್ಲದಿದ್ದರೆ ನಗರಪಾಲಿಕೆಯವರನ್ನು ಬಿಡದೆ ಕೇಳಿ. ಚಿರತೆ ಎದುರಾದರೆ ಬೆನ್ನು ತಿರುಗಿಸಿ ಓಡಬೇಡಿ, ಬಾಗಿ ಕೂರಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ. ಮುಖ್ಯವಾಗಿ, ಎಲ್ಲಿಯಾದರೂ ಚಿರತೆ ಸಿಕ್ಕಿಬಿದ್ದಿದೆಯೆಂದು ತಿಳಿದರೆ ನೋಡಲು ಗುಂಪುಗೂಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ ದೂರ ನಿಲ್ಲಿ. ಗುಂಪಿನ ಕೂಗಾಟವೇ ಅನೇಕ ಸಲ ಮನುಷ್ಯನಿಗೂ ಮೃಗಕ್ಕೂ ಮುಳುವಾಗಿದೆ.

ನಿಮ್ಮ ಮಕ್ಕಳಿಗೆ ಮುಂಬೈಯ ಇತಿಹಾಸವನ್ನು ಹೇಳುವಾಗ 1661, 1853ರ ಜೊತೆಗೆ 1860ರ ವಿಹಾರ್ ಕೆರೆಯನ್ನೂ ಹೇಳಿ. ನಗರವೊಂದು ತನ್ನ ಬಾಯಾರಿಕೆಗಾಗಿ ಕಾಡನ್ನು ಉಳಿಸಿಕೊಂಡಿತು, ಆ ಕಾಡು ಚಿರತೆಯನ್ನು ಉಳಿಸಿಕೊಂಡಿತು. ಇಂದು ತುಳಸಿ ಮತ್ತು ವಿಹಾರಿನ ನೀರು ಮುಂಬೈಯ ಅಗತ್ಯದ ಸಣ್ಣ ಭಾಗ ಮಾತ್ರ. ಆದರೂ ಆ ಕಾಡನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಮುಂದಿನ ತಲೆಮಾರಿನವರು. ಅವರಿಗೆ ಈ ಹಿನ್ನೆಲೆ ತಿಳಿದಿರಲಿ ಎಂಬುದಷ್ಟೇ ಈ ಬರಹದ ಆಶಯ.

ಕಾಡಂಚಿನ ನಿಮ್ಮ ಅನುಭವಗಳಿದ್ದರೆ ಬರೆದು ತಿಳಿಸಿ, ಸಂತೋಷದಿಂದ ಓದುತ್ತೇನೆ. ಎಲ್ಲರಿಗೂ ಶುಭವಾಗಲಿ.